ಆ ರಾತ್ರಿ ಕಾಡಿನಲ್ಲಿ

ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’ ನಾಟಕ ಶುರುವಾಗುವುದು ಒಂದು ಮಲಗುವ ಕೋಣೆಯಲ್ಲಿ. ಪಾದ್ರಿಯ ಮಗಳು ಮಾತಿಲ್ಲದೆ ಹಾಸಿಗೆಯಲ್ಲಿ ಬಿದ್ದಿದ್ದಾಳೆ. ಹಿಂದಿನ ರಾತ್ರಿ ಊರಿನ ಹುಡುಗಿಯರು ಕಾಡಿನಲ್ಲಿ ಏನೋ ಮಾಡಿದ್ದಾರೆ. ಏನು ಮಾಡಿದರು ಎನ್ನುವುದನ್ನು ನಾವು ನೋಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೇಳಿದ್ದನ್ನು ಬದಲಿಸುತ್ತಾರೆ, ಅಷ್ಟೇ. 1953ರಲ್ಲಿ ರಂಗಕ್ಕೆ ಬಂದ ಈ ನಾಟಕಕ್ಕೆ ಮಿಲ್ಲರ್ ತಾನೇ ಚಿತ್ರಕಥೆ ಬರೆದು, ನಿಕೋಲಸ್ ಹೈಟ್ನರ್ ನಿರ್ದೇಶಿಸಿದ 1996ರ ಸಿನಿಮಾ ಮಾತ್ರ ಶುರುವಾಗುವುದೇ ಆ ಕಾಡಿನಲ್ಲಿ. ಹುಡುಗಿಯರು ಕತ್ತಲಲ್ಲಿ ಮನೆಯಿಂದ ಜಾರಿಕೊಂಡು ಓಡುತ್ತಾರೆ. ಒಲೆಯ ಮೇಲಿನ ಪಾತ್ರೆಗೆ ಏನೇನೋ ಎಸೆದು ತಮಗೆ ಬೇಕಾದ ಹುಡುಗರ ಹೆಸರು ಹೇಳಿಕೊಳ್ಳುತ್ತಾರೆ. ಕೋಳಿಯ ರಕ್ತ, ಕಿರುಚಾಟ, ಕುಣಿತ. ಆಮೇಲೆ ಪಾದ್ರಿ ಬಂದು ನಿಲ್ಲುತ್ತಾನೆ.

ನಾನು ಈ ನಾಟಕವನ್ನು ಡಿಗ್ರಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಓದಿ ಮುಗಿಸಿದ ಮೇಲೆ ಮೂವರು ಸಿನಿಮಾನೂ ನೋಡಬೇಕೆಂದರು. ಒಂದು ಶನಿವಾರ ಮಧ್ಯಾಹ್ನ ರಿಚರ್ಡ್ಸ್ ಟೌನಿನ ನನ್ನ ಬಾಡಿಗೆ ಮನೆಗೇ ಕರೆದೆ. ಪಾರ್ಕಿನ ಹಿಂದಿನ ರಸ್ತೆಯ ಹಳೇ ಮನೆ, ಮಹಡಿಯ ಮೇಲೆ ಎರಡು ಕೋಣೆ. ಬೆಂಗಳೂರು ಈಸ್ಟ್ ಸ್ಟೇಷನ್ ಕಡೆಯಿಂದ ರೈಲು ಕೂಗಿದಾಗಲೆಲ್ಲ ಲ್ಯಾಪ್‌ಟಾಪಿನ ಸದ್ದು ಹೆಚ್ಚಿಸಬೇಕಿತ್ತು. ಕೆಳಗಿನ ಮನೆಯ ಆಂಟಿ ಬಜ್ಜಿ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತು ನೋಡತೊಡಗಿದರು. ಅವರು ಡೇವಿಸ್ ರಸ್ತೆಯ ಹೋಲಿ ಘೋಸ್ಟ್ ಚರ್ಚಿಗೆ ಹೋಗುವವರು. ಕೂರಿ ಆಂಟಿ ಅಂದರೂ ಕೂರಲಿಲ್ಲ.

ಸಿನಿಮಾದ ಕೊನೆ ಕೂಡ ನಾಟಕದಂತಿಲ್ಲ. ನಾಟಕದಲ್ಲಿ ಜಾನ್ ಪ್ರಾಕ್ಟರ್‌ನನ್ನು ಗಲ್ಲಿಗೆ ಕರೆದೊಯ್ದಾಗ ನಾವು ಜೈಲಿನೊಳಗೆ ಅವನ ಹೆಂಡತಿಯ ಜೊತೆ ಉಳಿಯುತ್ತೇವೆ, ಹೊರಗೆ ಡೋಲಿನ ಸದ್ದು. ಸಿನಿಮಾ ನಮ್ಮನ್ನು ಗಲ್ಲುಕಂಬದ ತನಕ ಒಯ್ಯುತ್ತದೆ. ಕುತ್ತಿಗೆಗೆ ಹಗ್ಗ ಬಿದ್ದ ಮೂವರು ಕ್ರಿಸ್ತನ ಪ್ರಾರ್ಥನೆ ಹೇಳುತ್ತಿರುತ್ತಾರೆ. ಮಾಟಗಾತಿಯರಿಗೆ ಆ ಪ್ರಾರ್ಥನೆಯನ್ನು ತಪ್ಪಿಲ್ಲದೆ ಹೇಳಲು ಬರುವುದಿಲ್ಲ ಎನ್ನುವುದು ಆ ಕಾಲದ ನಂಬಿಕೆ. ಡೇನಿಯಲ್ ಡೇ-ಲೂಯಿಸ್‌ನ ದನಿ ನಡುವೆಯೇ ಕಡಿದುಹೋಗುತ್ತದೆ. ಕೋಣೆ ಸುಮ್ಮನಿತ್ತು. ಬಾಗಿಲಲ್ಲಿ ನಿಂತಿದ್ದ ಆಂಟಿ ಉಳಿದ ಸಾಲುಗಳನ್ನು ತಮಿಳಿನಲ್ಲಿ ಮೆಲ್ಲಗೆ ಹೇಳಿ ಮುಗಿಸಿ, ಶಿಲುಬೆ ಗುರುತು ಮಾಡಿಕೊಂಡು, ಖಾಲಿ ತಟ್ಟೆ ತೆಗೆದುಕೊಂಡು ಇಳಿದುಹೋದರು.

ಆಮೇಲೆ ಜಗಳ ಶುರುವಾಯಿತು. ಮೂವರಲ್ಲಿ ಇದ್ದ ಒಬ್ಬನೇ ಹುಡುಗ, ಕಾಡು ತೋರಿಸಿ ಸಿನಿಮಾ ಎಲ್ಲ ಹಾಳು ಮಾಡಿತು ಎಂದ. ಅವನ ಮಾತಿನಲ್ಲಿ ತೂಕವಿತ್ತು. ನಾಟಕ ನೋಡುವವನಿಗೂ ನ್ಯಾಯಾಧೀಶ ಡ್ಯಾನ್‌ಫರ್ತ್‌ನಿಗೂ ಒಂದೇ ಗತಿ: ಇಬ್ಬರಿಗೂ ಸಿಗುವುದು ಬರೀ ಬಾಯಿಮಾತು. ಸಿನಿಮಾದಲ್ಲಿ ನಾವು ಕಣ್ಣಾರೆ ಕಂಡ ಸಾಕ್ಷಿಗಳು. ಸತ್ಯ ಮೊದಲೇ ಗೊತ್ತಿದ್ದವರಿಗೆ ಡ್ಯಾನ್‌ಫರ್ತ್‌ನ ಮೇಲೆ ಸಿಟ್ಟಾಗುವುದು ಬಲು ಸುಲಭ. ಪಾಲ್ ಸ್ಕೋಫೀಲ್ಡ್ ಆ ಪಾತ್ರವನ್ನು ದನಿ ಏರಿಸದೆ, ಒಬ್ಬ ಸಭ್ಯ ಹಿರಿಯನಂತೆ ಮಾಡಿದ್ದಾನೆ; ಕಾಡನ್ನು ನೋಡದೆ ಇದ್ದಿದ್ದರೆ ನಾವು ಅವನನ್ನು ಸ್ವಲ್ಪ ಹೊತ್ತಾದರೂ ನಂಬುತ್ತಿದ್ದೆವು. ಮಿಲ್ಲರ್‌ಗೆ ಅಂಥ ಸಭ್ಯರ ಪರಿಚಯ ಚೆನ್ನಾಗಿಯೇ ಇತ್ತು. 1956ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕಮ್ಯುನಿಸ್ಟ್ ಗೆಳೆಯರ ಹೆಸರು ಹೇಳು ಎಂದು ಅವನನ್ನು ಕೂರಿಸಿ ಕೇಳಿತು. ಹೇಳಲಿಲ್ಲವೆಂದು ಮರುವರ್ಷ ಶಿಕ್ಷೆಯಾಯಿತು, 1958ರಲ್ಲಿ ಅದು ರದ್ದಾಯಿತು.

ಅಷ್ಟರಲ್ಲಿ ಸುಮ್ಮನಿದ್ದ ಹುಡುಗಿ, “ಆದ್ರೆ ಮ್ಯಾಮ್, ಅವರು ಖುಷಿಯಾಗಿದ್ದಿದ್ದು ಅಲ್ಲಿ ಮಾತ್ರ ಅಲ್ವಾ?” ಅಂದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸೇಲಂನಲ್ಲಿ 1692ರಲ್ಲಿ ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು. ಇನ್ನೊಬ್ಬ ಮುದುಕ, ಜೈಲ್ಸ್ ಕೋರಿ, ಎದೆಯ ಮೇಲೆ ಕಲ್ಲು ಹೇರಿಸಿಕೊಂಡು ಸತ್ತ. ಅವರನ್ನು ನಾವು ನೆನೆಯುತ್ತೇವೆ, ಸರಿ. ಹೆಸರು ಹೇಳಿದ ಹುಡುಗಿಯರು? ಚರಿತ್ರೆಯ ಅಬಿಗೇಲ್ ಹನ್ನೊಂದು ಹನ್ನೆರಡರ ಮಗು, ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತರ ಹರೆಯಕ್ಕೆ ಇಳಿಸಿ, ಇಬ್ಬರ ನಡುವೆ ಒಂದು ಕಳ್ಳ ಸಂಬಂಧ ಹೆಣೆದ. ಅಲ್ಲಿಗೆ ಇಡೀ ಊರಿನ ಹುಚ್ಚಿಗೆ ಕೈಬಿಟ್ಟ ಪ್ರೇಯಸಿಯ ಸೇಡು ಕಾರಣವಾಗಿಬಿಟ್ಟಿತು. ಈ ವಿಷಯದಲ್ಲಿ ನನಗೆ ಮಿಲ್ಲರ್ ಮೇಲೆ ಮುನಿಸಿದೆ. ಸಿನಿಮಾ ಕಾಡನ್ನು ತೋರಿಸುತ್ತದೆ, ಬೇಗನೇ ಮರೆತೂಬಿಡುತ್ತದೆ. ಬೆಳಗಾದ ಮೇಲೆ ವಿನೋನಾ ರೈಡರ್ ಖಳನಾಯಕಿ.

ನಾನು ಬೀದರ್ ಜಿಲ್ಲೆಯವಳು, ಹುಮನಾಬಾದ್ ಕಡೆಯವಳು. ನಮ್ಮಲ್ಲಿ ಇದಕ್ಕೆ ಭಾನಾಮತಿ ಅನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು, ಮೈ ಕೊರೆದುಕೊಳ್ಳುವುದು, ಒಬ್ಬಳಿಂದ ಇನ್ನೊಬ್ಬಳಿಗೆ ಹರಡುವುದು. ಮಾಡಿದವರು ಯಾರೆಂದು ‘ಗೊತ್ತಾದ’ ಮೇಲೆ ಅವರ ಹಲ್ಲು ಕೀಳುವ ಪದ್ಧತಿಯಿತ್ತು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ. ಸೇಲಂನಲ್ಲಿ ಪ್ರಾರ್ಥನೆ ತಪ್ಪಿದರೆ ಮಾಟಗಾತಿ, ಇಲ್ಲಿ ಮಂತ್ರ ತಪ್ಪುವಂತೆ ಮಾಡಲು ಇಕ್ಕಳ.

ನನ್ನ ದೊಡ್ಡವ್ವ ಹದಿನೈದನೇ ವಯಸ್ಸಿನಲ್ಲಿ ಹಾಗೆ ಬೊಗಳಿದ್ದಳು. ಹೆಂಡತಿ ಸತ್ತ ಒಬ್ಬನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಅವಳು ಹೇಳಿದ ಹೆಸರಿನ ಹೆಣ್ಣುಮಗಳು ಗಲ್ಲಿಯ ಕೊನೆಯಲ್ಲಿ ಒಬ್ಬಳೇ ಇದ್ದವಳು, ಮಜ್ಜಿಗೆ ಮಾರುತ್ತಿದ್ದವಳು. ಅವಳ ಮುಂದಿನ ಹಲ್ಲು ಕಿತ್ತರು. ಅವಳು ಊರು ಬಿಟ್ಟಳು. ಆ ಮದುವೆ ಮುರಿಯಿತು, ಎರಡು ವರ್ಷದ ಮೇಲೆ ದೊಡ್ಡವ್ವನಿಗೆ ಬೇರೆ ಕಡೆ ಸಂಬಂಧ ಕೂಡಿಬಂತು. ನಮ್ಮ ಮನೆಯಲ್ಲಿ ಇದು ಇಷ್ಟೇ ಸಾಲಿನ ಕತೆ. ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರಲ್ಲಿ ಕಾಯ್ದೆಯಾಗಿ, 2020ರಲ್ಲಿ ಜಾರಿಗೆ ಬರುವ ಹೊತ್ತಿಗೆ ದೊಡ್ಡವ್ವ ತೀರಿಕೊಂಡಿದ್ದಳು.

ಹುಡುಗರು ಹೋದ ಮೇಲೆ ಅವ್ವನಿಗೆ ಫೋನ್ ಮಾಡಿದೆ. ನಾಟಕದಲ್ಲಿ ಟಿಟುಬಾ ಎಂಬ ಆಳು ಹೆಣ್ಣನ್ನು ವಿಚಾರಿಸುವ ಭಾಗ ನನ್ನ ತಲೆಯಲ್ಲಿತ್ತು. ಅವಳ ಬಾಯಿಂದ ಹೆಸರುಗಳು ತಾವಾಗಿ ಬರುವುದಿಲ್ಲ. ಸೈತಾನನ ಜೊತೆ ಇದ್ದವಳು ಇಂಥವಳಾ, ಅಂಥವಳಾ ಎಂದು ಕೇಳುವವರೇ ಹೆಸರು ಎತ್ತಿಕೊಡುತ್ತಾರೆ.

“ದೊಡ್ಡವ್ವ ಆಕಿ ಹೆಸರು ತಾನಾಗೇ ಹೇಳಿದ್ಲೇನವ್ವಾ?”

“ಈಗ್ಯಾಕ ಬೇಕು ಅದೆಲ್ಲ?” ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಪ್ಪನೇ ಕೇಳಿದ್ನಲ್ಲ, ಆಕೀನೇನು, ಮಜ್ಜಿಗಿಯಾಕಿ ಏನು ಅಂತ. ಅಕ್ಕ ಹೂಂ ಅಂದ್ಲು. ಹೂಂ ಅಂದಮ್ಯಾಗ ಬೇವಿನ ಬರಲಲೆ ಹೊಡ್ಯೋದು ಬಿಟ್ರು.”

ಅವ್ವನಿಗೆ ಆಗ ಎಂಟು ವರ್ಷ. ಅವಳು ಇದನ್ನು ಬಾಗಿಲ ಸಂದಿಯಿಂದ ನೋಡಿದ್ದಳಂತೆ. ಅದಕ್ಕಿಂತ ಮೊದಲು ದೊಡ್ಡವ್ವ ಹೇಗಿದ್ದಳು ಎಂದು ಕೇಳಿದೆ. ಇದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ. ಅವ್ವನ ದನಿ ಒಮ್ಮೆಲೇ ಹಗುರಾಯಿತು.

“ಮಧ್ಯಾಹ್ನ ಎಲ್ಲಾರು ಮಲ್ಕೊಂಡಾಗ ಹಳ್ಳಕ್ಕ ಹೋಗ್ತಿದ್ವಿ. ನಾಕೈದು ಹುಡಿಗ್ಯಾರು, ಬಾಲ ಹಿಡ್ಕೊಂಡು ನಾನೊಬ್ಬಾಕಿ. ಅಕ್ಕಗ ಈಸಾಕ ಭಾಳ ಚಲೋ ಬರ್ತಿತ್ತು. ಲಂಗ ಒಣಗೋತನ ಬಂಡಿಗಲ್ಲ ಮ್ಯಾಲ ಕುಂತು ಹಾಡ ಹೇಳ್ತಿದ್ಲು. ಒಂದಿನ ಅಪ್ಪ ನೋಡ್ದ.”

“ಯಾವಾಗ?”

“ಅದಾ, ಆ ಬ್ಯಾಸಗ್ಯಾಗ” ಅಂದಳು ಅವ್ವ. “ಆಕಿ ಬೊಗಳಾಕ ಹತ್ತೂ ಮೊದಲನ ವಾರ.”