ಹಿಪ್ಪುನೇರಳೆ: ಎಲೆಗೋ, ಹಣ್ಣಿಗೋ?

ಹಿಪ್ಪುನೇರಳೆ ಎಂದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಮಕ್ಕಳಿಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ರೇಷ್ಮೆ ಗಿಡ ಎಂದರೆ ಗೊತ್ತಾಗುತ್ತದೆ. ಎಲೆಯನ್ನು ರೇಷ್ಮೆ ಹುಳು ತಿನ್ನುತ್ತದೆ, ಹಣ್ಣನ್ನು ನೀವು ತಿನ್ನಬಹುದು. ಮಾಗಿದ ಹಣ್ಣು ಬಹಳ ಮೆತ್ತಗೆ, ಮುಟ್ಟಿದರೆ ರಸ ಸೋರುತ್ತದೆ. ಅದಕ್ಕೇ ಸಂತೆಯಲ್ಲಿ ಅಪರೂಪ. ಗಿಡದಿಂದ ಕಿತ್ತು ನಿಂತಲ್ಲೇ ತಿನ್ನಬೇಕು.

ಆದರೆ ಯಾವ ಗಿಡ ಹಚ್ಚಬೇಕು? ರೋಣ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳು ಮೂರು ವರ್ಷ ಸಾಕಿದ ಗಿಡವನ್ನು ನನಗೆ ತೋರಿಸಿದರು. ಬಿಸಿಯೂಟದ ನಂತರ ಕೈ ತೊಳೆದ ನೀರನ್ನೆಲ್ಲ ಅದಕ್ಕೇ ಹರಿಸಿದ್ದರು. ಆಳೆತ್ತರ ಬೆಳೆದಿತ್ತು, ಹಣ್ಣು ಮಾತ್ರ ಒಂದೂ ಇಲ್ಲ. "ಸರ್ರ, ಇದು ಬರೇ ಎಲಿ ಬಿಡತೈತ್ರಿ. ಕಡದು ಬ್ಯಾರೆ ಹಚ್ಚೂಣೇನ್ರಿ?" ಎಂದ ಒಬ್ಬ.

ಗಿಡದಲ್ಲಿ ಹೂಗಳಿದ್ದವು. ಜೋಲುವ ಒಂದು ಗೊಂಚಲನ್ನು ಕಪ್ಪು ಕಾಗದದ ಮೇಲೆ ಕೊಡವಿದೆವು. ತಿಳಿಹಳದಿ ಪುಡಿ ಬಿತ್ತು. ಅದು ಪರಾಗ, ಅಂದರೆ ಇದು ಗಂಡು ಗಿಡ. ಹಿಪ್ಪುನೇರಳೆಯಲ್ಲಿ ಸಾಮಾನ್ಯವಾಗಿ ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ. ಕೆಲವೊಮ್ಮೆ ಎರಡೂ ಒಂದರಲ್ಲೇ. ಹೆಣ್ಣು ಗೊಂಚಲು ಗಿಡ್ಡ, ಹಸಿರು, ಮೈತುಂಬ ಬಿಳಿ ಎಳೆಗಳು. ಅದರ ಒಂದೊಂದು ಹೂವೂ ಹಣ್ಣಿನ ಒಂದೊಂದು ಮಣಿಯಾಗುತ್ತದೆ. ಗಂಡು ಹೂವೂ ಕಡಿಮೆಯದಲ್ಲ! ಅದರ ಕೇಸರ ಸುರುಳಿ ಬಿಚ್ಚಿ ಪರಾಗ ಸಿಡಿಸಲು ಸೆಕೆಂಡಿನ 40 ಸಾವಿರದ ಒಂದು ಭಾಗ ಸಾಕು. ವೇಗ ಶಬ್ದದ ಅರ್ಧಕ್ಕಿಂತ ಹೆಚ್ಚು. 2006ರಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾದಿಂದ ಇದನ್ನು ಅಳೆದರು.

"ಹಂಗಾದ್ರ ನಾವು ನೀರು ಹಾಕಿದ್ದೆಲ್ಲಾ ಹಾಳಾತೇನ್ರಿ?" ಎಂದಳು ಐದನೆಯ ತರಗತಿಯ ಹುಡುಗಿ. ಇಲ್ಲ, ಬೇರು ಗಟ್ಟಿಯಾಗಿತ್ತು. ಕಸಿ ಬಲ್ಲ ರೈತರೊಬ್ಬರು ಪಕ್ಕದ ಊರಿನ ಸಿಹಿ ಹಣ್ಣಿನ ಗಿಡದಿಂದ ಕಣ್ಣು ತಂದು ನಾಲ್ಕು ಕಡೆ ಕೂಡಿಸಿದರು. ಒಂದು ಹತ್ತಿತು. ಮರುವರ್ಷ ಆ ಟೊಂಗೆಯಲ್ಲಿ ಹಣ್ಣು ಬಂತು.

ಹೊಸದಾಗಿ ಹಚ್ಚುವವರು ಹಣ್ಣಿನ ರುಚಿ ನೋಡಿದ ಗಿಡದಿಂದಲೇ ಕಡ್ಡಿ ತನ್ನಿ. ಕಡ್ಡಿಯಿಂದ ಬೆಳೆದ ಗಿಡ ತಾಯಿ ಗಿಡದಂತೆಯೇ ಇರುತ್ತದೆ. ಬೀಜದ ಸಸಿಯಲ್ಲಿ ಆ ಭರವಸೆ ಇಲ್ಲ. ಹೊಲದಿಂದ ಎಂ-5, ವಿ-1 ಕಡ್ಡಿ ಸುಲಭವಾಗಿ ಸಿಗುತ್ತದೆ ನಿಜ. ಆದರೆ ಆ ತಳಿಗಳನ್ನು ಆರಿಸಿದ್ದು ಎಲೆಯ ಇಳುವರಿಗಾಗಿ. ಎಲೆಗೆಂದು ಮತ್ತೆ ಮತ್ತೆ ಸವರುವುದರಿಂದ ಅವುಗಳ ಹಣ್ಣು ಹೇಗೆಂದು ಬೆಳೆಗಾರರೇ ಅಷ್ಟಾಗಿ ಗಮನಿಸಿರುವುದಿಲ್ಲ.

ಕಡ್ಡಿ ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಮೂರು ನಾಲ್ಕು ಕಣ್ಣು ಇರಲಿ. ಮುಂಗಾರು ಹಿಡಿದ ಮೇಲೆ ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ನೆಡಿ. ನರಗುಂದದ ಎರೆ ನೆಲದಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ, ಆದ್ದರಿಂದ ಮಣ್ಣು ಏರಿಸಿ ದಿಬ್ಬ ಮಾಡಿ ಹಚ್ಚಿ. ಗಜೇಂದ್ರಗಡದ ಗುಡ್ಡದ ಕಡೆ ಕೆಂಪು ಗರಸು ನೆಲವಾದರೆ ನೀರು ಇಂಗಿ ಹೋಗುತ್ತದೆ. ಅಲ್ಲಿ ಪಾತಿ ಮಾಡಿ ಒಣ ಎಲೆ ಹೊದಿಸಿ. ಹಣ್ಣು ಮುಗಿದ ಕೂಡಲೇ ಟೊಂಗೆಗಳನ್ನು ಅರ್ಧಕ್ಕೆ ಸವರಿ. ಹೂ ಬರುವುದು ಹೊಸ ಚಿಗುರಿನಲ್ಲಿ, ಮೇಲಾಗಿ ಗಿಡ ನಿಮ್ಮ ಕೈಗೆಟಕುವಷ್ಟೇ ಇರುತ್ತದೆ. ಎತ್ತರಕ್ಕೆ ಬಿಟ್ಟರೆ ಹಣ್ಣೆಲ್ಲ ಕೋಗಿಲೆ, ಗೊರವಂಕಗಳಿಗೆ!

ಸುಣ್ಣ ಹಚ್ಚಿದ ಗೋಡೆಯಿಂದ ದೂರವಿರಲಿ. ಬಿಳಿ ಅಂಗಿಗೆ ರಸ ಬಿದ್ದರೆ ಮನೆಯಲ್ಲಿ ಬೈಗುಳ ಖಚಿತ. ಆ ಬಣ್ಣದ ಹೆಸರು ಆಂಥೋಸಯನಿನ್. ರಸಕ್ಕೆ ನಿಂಬೆ ಹಿಂಡಿದರೆ ಕೆಂಪೇರುತ್ತದೆ. ಸುಣ್ಣದ ತಿಳಿನೀರು ಬಿಟ್ಟರೆ? ಹಣ್ಣೆಲ್ಲ ಮುಗಿಸುವ ಮೊದಲು ನಾಲ್ಕು ಉಳಿಸಿಕೊಂಡು, ನಿಮ್ಮ ಗುರುಗಳ ಜೊತೆ ಮಾಡಿ ನೋಡಿ.