ಏನನ್ನೂ ನಿರ್ಣಯಿಸದ ಪಂದ್ಯಗಳು

ಎಂ.ಎ. ತರಗತಿಯಲ್ಲಿ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಓದುವಾಗ ಟಾಮ್ ಬುಕಾನನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿದವನೆಂಬ ವಿವರ ನನ್ನ ಗಮನ ಸೆಳೆದಿತ್ತು. ಇಪ್ಪತ್ತೊಂದರ ಹರೆಯದಲ್ಲೇ ಶಿಖರ ಮುಟ್ಟಿ, ಮುಂದಿನ ಬದುಕೆಲ್ಲ ಇಳಿಜಾರಾಗಿ ತೋರುವ ಮನುಷ್ಯ ಆತ. ಒಂದು ಕಾಲೇಜಿನ ಆಟ ಮನುಷ್ಯನನ್ನು ಹಾಗೆ ಕಟ್ಟಿಹಾಕಬಲ್ಲದೇ ಎಂಬ ಕುತೂಹಲವೇ ನನ್ನನ್ನು ಈ ಅಂಡಾಕಾರದ ಚೆಂಡಿನ ಬಳಿಗೆ ಕರೆತಂದಿತು. ರೋಸ್ ಬೌಲ್ ಪಂದ್ಯ ಕ್ಯಾಲಿಫೋರ್ನಿಯಾದ ಪಸದೀನಾದಲ್ಲಿ ಹೊಸವರ್ಷದ ಮಧ್ಯಾಹ್ನ ಎರಡಕ್ಕೆ ಶುರುವಾಗುತ್ತಿದ್ದ ವರ್ಷಗಳಲ್ಲಿ ದೆಹಲಿಯಲ್ಲಿ ಜನವರಿ 2ರ ನಸುಕಿನ ಮೂರೂವರೆ ಆಗಿರುತ್ತಿತ್ತು. ಆ ಚಳಿಯಲ್ಲಿ ಎದ್ದು ಕೂರುವುದಕ್ಕೆ ಕಾರಣ ಕೇಳುವ ಮನೆಯವರಿಗೆ ಸಮಾಧಾನಕರ ಉತ್ತರ ನನ್ನಲ್ಲಿಲ್ಲ.

'ಬೌಲ್' ಎಂದರೆ ಬಟ್ಟಲು. 1914ರಲ್ಲಿ ಯೇಲ್ ಕಟ್ಟಿಸಿದ ಕ್ರೀಡಾಂಗಣ ಬಟ್ಟಲಿನ ಆಕಾರದಲ್ಲಿದ್ದುದರಿಂದ ಆ ಹೆಸರು ಬಂತು. 1922ರಲ್ಲಿ ಪಸದೀನಾದ ಕ್ರೀಡಾಂಗಣವೂ ಅದನ್ನೇ ಅನುಸರಿಸಿತು. ಕಾಲಕ್ರಮದಲ್ಲಿ ಕ್ರೀಡಾಂಗಣದ ಹೆಸರು ಪಂದ್ಯಕ್ಕೇ ಅಂಟಿತು. ಪಂದ್ಯವಾದರೋ ಇನ್ನೂ ಹಳೆಯದು. ಹಿಮವಿಲ್ಲದ ತಮ್ಮೂರಿನ ಚಳಿಗಾಲವನ್ನು ಲೋಕಕ್ಕೆ ತೋರಿಸಲು ಪಸದೀನಾದವರು 1890ರಿಂದ ನಡೆಸುತ್ತಿದ್ದ ಹೂವಿನ ಉತ್ಸವಕ್ಕೆ 1902ರಲ್ಲಿ ಈ ಆಟ ಸೇರಿತು. ಮಿಷಿಗನ್ ಅಂದು ಸ್ಟ್ಯಾನ್‌ಫರ್ಡನ್ನು 49-0ರಿಂದ ಮಣಿಸಿತು. ಪಂದ್ಯ ಎಷ್ಟು ಏಕಪಕ್ಷೀಯವಾಗಿತ್ತೆಂದರೆ, 1916ರವರೆಗೆ ಉತ್ಸವದವರು ಫುಟ್‌ಬಾಲನ್ನೇ ಕೈಬಿಟ್ಟರು. ನಡುವೆ ಕೆಲವು ವರ್ಷ ರಥಗಳ ಓಟ ನಡೆಯಿತು. ಆರ್ಥಿಕ ಕುಸಿತದ ಮೂವತ್ತರ ದಶಕದಲ್ಲಿ ಬಿಸಿಲಿನ ಊರುಗಳೆಲ್ಲ ಪ್ರವಾಸಿಗರಿಗಾಗಿ ಇದೇ ಹಾದಿ ಹಿಡಿದವು: 1935ರಲ್ಲಿ ಆರೆಂಜ್, ಶುಗರ್, ಸನ್, 1937ರಲ್ಲಿ ಕಾಟನ್. ಇಂದು ಅವು ನಲವತ್ತರ ಆಸುಪಾಸಿನಲ್ಲಿವೆ. ಸಾಮಾನ್ಯವಾಗಿ ಋತುವಿನಲ್ಲಿ ಆರು ಪಂದ್ಯ ಗೆದ್ದ ತಂಡಕ್ಕೆ ಆಹ್ವಾನದ ಅರ್ಹತೆ ದೊರೆಯುತ್ತದೆ.

ಮೂಲತಃ ಈ ಪಂದ್ಯಗಳು ಏನನ್ನೂ ನಿರ್ಣಯಿಸುತ್ತಿರಲಿಲ್ಲ ಎಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಅವು ದುಡಿದವರಿಗೆ ಸಲ್ಲುತ್ತಿದ್ದ ಉಡುಗೊರೆ, ಪ್ರವಾಸದ ನೆಪ. ಆದರೆ ನಿರ್ಣಯದ ಹಸಿವು ಮನುಷ್ಯನನ್ನು ಬಿಡದು. 2014ರ ಋತುವಿನಿಂದ ಹದಿಮೂರು ಸದಸ್ಯರ ಸಮಿತಿಯೊಂದು ನಾಲ್ಕು ತಂಡಗಳನ್ನು ಆಯ್ದು, ಎರಡು ಬೌಲ್‌ಗಳನ್ನು ಸೆಮಿಫೈನಲ್ ಆಗಿಸಿತು. ಉಳಿದವು ಒಮ್ಮೆಗೇ ಉಳಿಕೆಯಾದವು.

ಇದರ ಪೂರ್ಣ ಅರ್ಥ ತಿಳಿದದ್ದು 2023ರ ಡಿಸೆಂಬರಿನಲ್ಲಿ. ಫ್ಲೋರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಪಂದ್ಯಗಳನ್ನು ಗೆದ್ದು ತನ್ನ ವಲಯದ ಚಾಂಪಿಯನ್ ಆಗಿತ್ತು. ನವೆಂಬರಿನಲ್ಲಿ ಅದರ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ತೀವ್ರ ಗಾಯವಾಯಿತು. ಅವನಿಲ್ಲದೆಯೂ ತಂಡ ಸೋಲಲಿಲ್ಲ. ಆದರೂ ಸಮಿತಿ ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ನಾಲ್ಕನೆಯದಾಗಿ ಆರಿಸಿತು. ಗಾಯ ಇನ್ನೂ ಮೊದಲೇ ಆಗಿದ್ದರೆ ತಂಡ ತನ್ನೊಬ್ಬನದಲ್ಲವೆಂದು ಜಗತ್ತಿಗೆ ತಿಳಿಯುತ್ತಿತ್ತು ಎಂಬರ್ಥದ ಮಾತನ್ನು ಟ್ರಾವಿಸ್ ಬರೆದ. ಕಚೇರಿಯಲ್ಲಿ ಬಡ್ತಿ ಸಮಿತಿಗಳ ಕಡತಗಳನ್ನು ಕಂಡವನಾದ ನನಗೆ ಈ ಪ್ರಶ್ನೆ ಅಪರಿಚಿತವಲ್ಲ: ಆರಿಸಬೇಕಾದ್ದು ಮಾಡಿ ತೋರಿಸಿದವನನ್ನೋ, ನಾಳೆ ಮಾಡಬಹುದಾದವನನ್ನೋ? ಕಡತಕ್ಕೆ ಗತಕಾಲ ಮಾತ್ರ ಗೊತ್ತು. ಈ ಸಮಿತಿ ಭವಿಷ್ಯವನ್ನೂ ಓದಿತು. ಅಲಬಾಮಾ ರೋಸ್ ಬೌಲ್‌ನಲ್ಲಿ ಮಿಷಿಗನ್‌ಗೆ ಹೆಚ್ಚುವರಿ ಅವಧಿಯವರೆಗೂ ಸೆಣಸಿ 27-20ರಿಂದ ಸೋತದ್ದನ್ನು ಕಂಡರೆ ಆ ಓದು ಪೂರ್ತಿ ತಪ್ಪೆನ್ನಲೂ ಆಗದು. ಆದರೆ ನ್ಯಾಯವೂ ಸರಿಯಾದ ಊಹೆಯೂ ಒಂದೇ ಅಲ್ಲ.

ಫ್ಲೋರಿಡಾ ಸ್ಟೇಟ್‌ಗೆ ದೊರೆತದ್ದು ಆರೆಂಜ್ ಬೌಲ್. ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಅಂಗಳಕ್ಕಿಳಿಯಲಿಲ್ಲ. ಕೆಲವರು ಗಾಯಾಳುಗಳು, ಹಲವರು ವೃತ್ತಿಪರ ಲೀಗಿನತ್ತಲೋ ಬೇರೆ ವಿಶ್ವವಿದ್ಯಾಲಯಗಳತ್ತಲೋ ಹೊರಟವರು. ಜಾರ್ಜಿಯಾ 63-3ರಿಂದ ಗೆದ್ದಿತು. ಬೌಲ್ ಇತಿಹಾಸದಲ್ಲೇ ಅತಿ ದೊಡ್ಡ ಅಂತರ. ಹೊರನಡೆದವರನ್ನು ದೂಷಿಸಲು ನನಗೆ ಮನಸ್ಸಿಲ್ಲ. 2016ರ ಹೊಸವರ್ಷದಂದು ಫಿಯೆಸ್ಟಾ ಬೌಲ್‌ನಲ್ಲಿ ನಾತ್ರದಾಮ್‌ನ ಜೇಲನ್ ಸ್ಮಿತ್ ಮೊಣಕಾಲಿನ ಅಸ್ಥಿರಜ್ಜುಗಳನ್ನು ಹರಿದುಕೊಂಡು, ವೃತ್ತಿಪರ ಆಯ್ಕೆಯಲ್ಲಿ ಎರಡನೆಯ ಸುತ್ತಿಗೆ ಜಾರಿದ. ಆ ವರ್ಷಾಂತ್ಯದಲ್ಲಿ ಲೆನರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ತಮ್ಮ ಬೌಲ್‌ಗಳನ್ನು ನಿರಾಕರಿಸಿದರು. ಇಡೀ ಬದುಕಿನ ಸಂಪಾದನೆಯನ್ನು ಒಂದು ಉಡುಗೊರೆಗಾಗಿ ಪಣಕ್ಕಿಡೆಂದು ಹೇಳುವ ಹಕ್ಕು ಯಾರಿಗಿದೆ?

ಆದರೆ ಉಳಿದವರೂ ಇದ್ದರು. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ನಿಂತ. ಅವರು ಗಳಿಸಿದ ಮೂರೇ ಅಂಕಗಳು ನನ್ನ ಮನಸ್ಸಿನಲ್ಲಿ ಅರವತ್ತಮೂರಕ್ಕಿಂತ ಗಟ್ಟಿಯಾಗಿ ಕುಳಿತಿವೆ.

ಅದಕ್ಕೆ ಎರಡು ದಿನ ಮುಂಚೆ ಪಾಪ್-ಟಾರ್ಟ್ಸ್ ಎಂಬ ತಿಂಡಿಯ ಹೆಸರಿನ ಬೌಲ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ 28-19ರಿಂದ ಗೆದ್ದಿತ್ತು. ತಿಂಡಿಯ ವೇಷದ ಲಾಂಛನಪುರುಷ ದೈತ್ಯ ಟೋಸ್ಟರಿನೊಳಗೆ ಇಳಿದು ಮರೆಯಾದ. ಕೆಳಗಿನಿಂದ ಹೊರಬಂದ ಭಾರೀ ತಿಂಡಿಯನ್ನು ಆಟಗಾರರು ಕೈಹಾಕಿ ಮುರಿದು ತಿಂದರು. ಜಾಹೀರಾತಿನ ಹುಚ್ಚಾಟ, ನಿಜ. ಆದರೆ ಆ ಹುಡುಗರ ನಗುವಿನಲ್ಲಿ ನಾಳೆಯ ಲೆಕ್ಕಾಚಾರವಿರಲಿಲ್ಲ. ಹೂವಿನ ಉತ್ಸವದವರು ಬಯಸಿದ್ದೂ ಬಹುಶಃ ಇಷ್ಟನ್ನೇ.

2024ರಿಂದ ನಾಲ್ಕರ ಬದಲು ಹನ್ನೆರಡು ತಂಡಗಳು. ಅನ್ಯಾಯ ಕಡಿಮೆಯಾಗಬಹುದು, ಹದಿಮೂರನೆಯವನು ಆಗಲೂ ಇರುತ್ತಾನೆ. ಕಾಲೇಜಿನಲ್ಲಿ ಆಡುವ ಬಹುಪಾಲು ಹುಡುಗರು ವೃತ್ತಿಪರರಾಗುವುದಿಲ್ಲ. ಕೊನೆಯ ವರ್ಷದ ಅಂಥವನಿಗೆ, ಯಾವುದೋ ಊರಿನ ಅರೆಖಾಲಿ ಬಟ್ಟಲಿನಲ್ಲಿ ನಡೆಯುವ ಆ ಪಂದ್ಯವೇ ಬದುಕಿನ ಕೊನೆಯ ಪಂದ್ಯ. ಅದು ಏನನ್ನೂ ನಿರ್ಣಯಿಸುವುದಿಲ್ಲವೆಂದು ಅವನಿಗೂ ಗೊತ್ತು. ಆದರೂ ಅವನು ಪಟ್ಟಿಗಳನ್ನು ಬಿಗಿದು, ಶಿರಸ್ತ್ರಾಣ ಧರಿಸಿ ಇಳಿಯುತ್ತಾನೆ. ನಾನು ಎದ್ದು ಕೂರುವುದು ಅವನಿಗಾಗಿ.