ನಾಪೋಕ್ಲಿನ ಮೈದಾನ ತುಂಬುವ ಬಗೆ

ಮಡಿಕೇರಿಯಿಂದ ಮೂರ್ನಾಡಿನ ಮಾರ್ಗವಾಗಿ ನಾಪೋಕ್ಲಿಗೆ ಹೋಗುವ ದಾರಿಯು ಕಾಫಿ ತೋಟಗಳ ನಡುವೆ ಬಳಸಿ ಬಳಸಿ ಸಾಗುತ್ತದೆ. ಊರು ದೊಡ್ಡದಲ್ಲ. ಆದರೆ ಕೊಡವ ಕುಟುಂಬಗಳ ಹಾಕಿ ಉತ್ಸವವು ಇಲ್ಲಿ ಜರುಗುವ ವರ್ಷ, ಏಪ್ರಿಲ್ ಮಾಸದಲ್ಲಿ ಈ ದಾರಿಯುದ್ದಕ್ಕೂ ವಾಹನಗಳ ಸಾಲು. ನಾವು ಆಟದ ಸೂಕ್ಷ್ಮಗಳನ್ನು ಬಲ್ಲವರಲ್ಲ. ಇಷ್ಟು ಜನರು ಏತಕ್ಕಾಗಿ ಕೂಡುತ್ತಾರೆಂಬುದೇ ನಮ್ಮ ಕುತೂಹಲ.

ಈ ಉತ್ಸವವನ್ನು ಪ್ರಾರಂಭಿಸಿದವರು ಬ್ಯಾಂಕ್ ಉದ್ಯೋಗದಲ್ಲಿದ್ದ ಪಾಂಡಂಡ ಕುಟ್ಟಪ್ಪನವರು. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳು ಆಡಿದವು. 2024ರಲ್ಲಿ ಇದೇ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು ಸೇರಿ, ಉತ್ಸವವು ಗಿನ್ನೆಸ್ ದಾಖಲೆಗೆ ಪಾತ್ರವಾಯಿತು. ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯರಂತಹ ಒಲಿಂಪಿಕ್ ಆಟಗಾರರನ್ನು ನೀಡಿದ ನಾಡಿಗೆ ಹಾಕಿಯೇನೂ ಹೊಸದಲ್ಲ. ಹೊಸದಾದುದು, ತಂಡಕ್ಕೆ ಒಕ್ಕದ ಹೆಸರನ್ನೇ ಇಟ್ಟದ್ದು.

ಒಕ್ಕವೆಂದರೆ ಒಂದೇ ಮನೆಹೆಸರಿನ ಇಡೀ ಕುಲಕುಟುಂಬ. ಗಂಡಸರೊಡನೆ ಹೆಂಗಸರೂ ಕೋಲು ಹಿಡಿಯುತ್ತಾರೆ. ನರೆತ ತಲೆಯವರು ಶಾಲೆಯ ಮಕ್ಕಳ ಜೊತೆಗೆ ಓಡುತ್ತಾರೆ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೌಕರಿಯಲ್ಲಿರುವವರು ಆ ದಿನಕ್ಕೆಂದು ರಜೆ ಪಡೆದು ಬರುತ್ತಾರೆ. ಚೆಂಡಿನ ಹಿಂದೆ ಏದುಸಿರು ಬಿಡುವವನು ಚಿಕ್ಕಪ್ಪನಾದರೆ, ಐದು ಗೋಲಿನಿಂದ ಸೋತರೂ ನೋಡುವವರು ಎದ್ದು ಹೋಗುವರೇ? ಸೋತ ತಂಡಕ್ಕೆ ಆ ವರ್ಷ ಮತ್ತೊಂದು ಆಟವಿಲ್ಲ. ಆದ್ದರಿಂದ ಆ ಒಂದು ಹೊತ್ತನ್ನು ಯಾರೂ ತಪ್ಪಿಸಿಕೊಳ್ಳಲೊಲ್ಲರು. ನಮ್ಮ ಊರುಗಳಲ್ಲಿ ತೇರಿನ ಹಗ್ಗಕ್ಕೆ ಕೈ ಹಚ್ಚಲು ಬಂದವರನ್ನು ಪ್ರೇಕ್ಷಕರೆಂದು ಕರೆಯಲಾದೀತೇ? ಇದೂ ಹಾಗೆಯೇ.

ಇದಕ್ಕೆ ವಿಪರೀತವಾದ ನಿದರ್ಶನಗಳೂ ಉಂಟು. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಆರಂಭವಾದಾಗ ಬೆಂಗಳೂರು ಲಯನ್ಸ್ ಎಂಬ ತಂಡವಿತ್ತು. ಆದರೆ ಆ ವರ್ಷದ ಆಟಗಳು ನಡೆದುದು ಹೈದರಾಬಾದಿನಲ್ಲಿ. ಬೆಂಗಳೂರಿನ ಅಭಿಮಾನಿಗೆ ತನ್ನ ತಂಡವು ದೂರದರ್ಶನದ ಪರದೆಯ ನೆರಳಾಗಿ ಉಳಿಯಿತು. 2008ರ ನಂತರ ಆ ಲೀಗೇ ನಿಂತುಹೋಯಿತು. ಹಾಕಿ ಇಂಡಿಯಾ ಲೀಗು 2024ರ ಡಿಸೆಂಬರಿನಲ್ಲಿ ಮರುಜೀವ ಪಡೆದಾಗ ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. ಹೈದರಾಬಾದ್, ತಮಿಳುನಾಡಿನ ತಂಡಗಳು ತಮ್ಮೂರನ್ನು ಬಿಟ್ಟು ರೂರ್ಕೆಲಾ, ರಾಂಚಿಗಳಲ್ಲಿ ಆಡಿದವು. ಹೆಸರಿಗೆ ಮಾತ್ರ ಊರು, ಆಟಕ್ಕೆ ಪರಸ್ಥಳ. ಇದು ನಮಗೆ ಸರಿಯೆನಿಸುವುದಿಲ್ಲ.

ಗೆಲುವೊಂದೇ ಜನರನ್ನು ಕರೆತರುತ್ತದೆಂಬ ನಂಬಿಕೆಯೂ ಪೂರ್ಣ ನಿಜವಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ದಾಂಡಿನ ಆಟವಿದೆ. ಅಲ್ಲಿನ ಟ್ಯಾಂಪಾ ಬೇ ರೇಸ್ ತಂಡವು 2008 ಮತ್ತು 2020ರಲ್ಲಿ ರಾಷ್ಟ್ರದ ಅಂತಿಮ ಸರಣಿಯನ್ನು ಮುಟ್ಟಿತು. ಆದರೂ ಪ್ರೇಕ್ಷಕರ ಸಂಖ್ಯೆಯಲ್ಲಿ ಬಹುಕಾಲ 30 ತಂಡಗಳ ಪೈಕಿ ಕೆಳಸಾಲಿನಲ್ಲಿಯೇ ಇತ್ತು. ಹೆಸರು ಟ್ಯಾಂಪಾದ್ದು, ಕ್ರೀಡಾಂಗಣವಿದ್ದುದು ಕೊಲ್ಲಿಯಾಚೆಯ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ದುಡಿದು ದಣಿದವರು ಸಂಜೆ ಸೇತುವೆ ದಾಟಿ ಹೋಗಬೇಕು. ಅದೂ ವರ್ಷಕ್ಕೆ 81 ಆಟಗಳು ತವರಿನಲ್ಲಿಯೇ ನಡೆಯುವಾಗ, ಇಂದಲ್ಲದಿದ್ದರೆ ನಾಳೆ ಎನ್ನುವುದು ಸಹಜ.

ಕೊಡಗಿನಲ್ಲಿ ಎಲ್ಲವೂ ಸುಗಮವೆಂದು ಹೇಳಲಾರೆವು. ಮೊದಲ ಸುತ್ತುಗಳ ಮಧ್ಯಾಹ್ನಗಳಲ್ಲಿ, ತಮ್ಮ ಒಕ್ಕದ ಆಟ ಮುಗಿದೊಡನೆ ಮನೆಗೆ ಹೊರಡುವವರೂ ಇದ್ದಾರೆ. ತಿಂಗಳ ಕಾಲ ಉತ್ಸವ ನಡೆಸುವ ಹೊರೆ ಆತಿಥೇಯ ಕುಟುಂಬಕ್ಕೆ ಹಗುರವಾದುದಲ್ಲ. 2018ರ ಮಳೆಗಾಲದ ಭೂಕುಸಿತ, ತರುವಾಯ ಕೊರೋನಾ ವ್ಯಾಧಿ; ಹೀಗಾಗಿ ನಾಲ್ಕು ವರ್ಷ ಉತ್ಸವ ನಡೆಯಲೇ ಇಲ್ಲ. ಅಷ್ಟು ಕಾಲ ಬಿಟ್ಟುಹೋದುದು ಮತ್ತೆ ಚಿಗುರುವುದೇ ಎಂದು ಹಿರಿಯರು ಚಿಂತಿಸಿದ್ದರೆ ಆಶ್ಚರ್ಯವಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬವು ನಾಪೋಕ್ಲಿನಲ್ಲಿಯೇ ಮತ್ತೆ ಮೈದಾನ ಸಿದ್ಧಪಡಿಸಿತು. ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಬಂದವು. 2025ರಲ್ಲಿ ಮುದ್ದಂಡ ಕುಟುಂಬವು ಮಡಿಕೇರಿಯಲ್ಲಿ ಆತಿಥ್ಯ ವಹಿಸಿದಾಗ ತಂಡಗಳು 2024ಕ್ಕಿಂತಲೂ ಹೆಚ್ಚಿದ್ದವು.